ಕ್ಲಬ್ಬಿನ ಹಳೆ ಆಟಗಾರರ ದಾಖಲೆ: ಗ್ರೂಪ್ ಫೋಟೋದಿಂದ ಕಲ್ಲಿನ ಫಲಕದವರೆಗೆ

ಫುಟ್ಬಾಲ್ ಕ್ಲಬ್ಬಿಗೆ ಐವತ್ತು ತುಂಬಿತು, ಸ್ಮರಣ ಸಂಚಿಕೆ ತರಬೇಕು ಎಂದಾಗಲೇ ಹೆಚ್ಚಿನವರಿಗೆ ಹಳೆ ಆಟಗಾರರ ನೆನಪಾಗುವುದು. ಅಷ್ಟರಲ್ಲಿ ಪ್ರೆಸ್ಸಿಗೆ ಕೊಡಲು ಇಪ್ಪತ್ತು ದಿನ ಉಳಿದಿರುತ್ತದೆ. ಕೊನೆಗೆ ಆಗುವುದು ಇಷ್ಟು: ಅಧ್ಯಕ್ಷರಿಗೆ ಪೂರ್ತಿ ಪುಟ, ಜಾಹೀರಾತು ಕೊಟ್ಟವರಿಗೆ ಅರ್ಧ ಪುಟ, ಆಡಿದವರಿಗೆ ಒಂದು ಮಸುಕು ಗ್ರೂಪ್ ಫೋಟೋ. ಅದರ ಕೆಳಗೆ ‘ನಿಂತವರು, ಎಡದಿಂದ’ ಎಂದು ಶುರುವಾಗಿ ಮೂರು ಹೆಸರಿನ ಜಾಗದಲ್ಲಿ ಬರೀ ಚುಕ್ಕಿ. ಜಿಲ್ಲಾ ಮಟ್ಟದ ಕೆಳ ಡಿವಿಜನ್‌ಗಳಲ್ಲಿ ಆಡಿದವರ ಬಗ್ಗೆ ಇಂಟರ್ನೆಟ್ಟಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ದಾಖಲೆ ಇರುವುದು ಮಂಗಳೂರಿನ ನೆಹರೂ ಮೈದಾನದ ಅಂಚಿನಲ್ಲಿ ನಿಂತು ನೋಡಿದವರ ತಲೆಯಲ್ಲಿ, ಮತ್ತೆ ಮನೆಯ ಕಪಾಟಿನ ಮೇಲಿರುವ ಪ್ಲಾಸ್ಟಿಕ್ ತೊಟ್ಟೆಯಲ್ಲಿ. ಇಬ್ಬರು ಮೂವರು ಸೇರಿ ಒಂದು ವರ್ಷ ಕೂತರೆ ಒಂದು ಕ್ಲಬ್ಬಿನ ಕೆಲಸ ಮುಗಿಯುತ್ತದೆ. ಮನೆ ಮನೆಗೆ ಹೋಗುವುದನ್ನು ನವೆಂಬರಿನಿಂದ ಮೇ ಒಳಗೆ ಮುಗಿಸಿ, ಮಳೆಗಾಲವನ್ನು ಟೈಪಿಂಗಿಗೆ ಇಟ್ಟುಕೊಳ್ಳಿ.

ಮೊದಲು ಫೋಟೋ, ಆಮೇಲೆ ಹೆಸರು, ಆಮೇಲೆ ವರ್ಷ, ಕೊನೆಗೆ ಆಟ. ಈ ಕ್ರಮ ತಪ್ಪಿಸಬೇಡಿ. ‘ನಿಮ್ಮ ಕಾಲದ ಬೆಸ್ಟ್ ಪ್ಲೇಯರ್ ಯಾರು?’ ಎಂದು ಶುರು ಮಾಡಿದರೆ ಎಲ್ಲರ ಬಾಯಲ್ಲೂ ಅದೇ ಐದು ಫಾರ್ವರ್ಡ್‌ಗಳ ಹೆಸರು ಬರುತ್ತದೆ. ಹತ್ತು ವರ್ಷ ಗೋಲ್‌ಕೀಪರ್ ಆಗಿದ್ದವನು, ಮಾತಿಲ್ಲದೆ ಆಡಿ ಹೋದ ಲೆಫ್ಟ್ ಬ್ಯಾಕ್ ಎಲ್ಲೂ ಬರುವುದಿಲ್ಲ. ಫೋಟೋ ಎದುರಿಟ್ಟರೆ ಹನ್ನೊಂದು ಮುಖಕ್ಕೂ ಉತ್ತರ ಹೇಳಲೇಬೇಕಾಗುತ್ತದೆ.

ಫೋಟೋ ಓದುವುದು

ಫೋಟೋವನ್ನು ಮನೆಯಿಂದ ಎರವಲು ತರಬೇಡಿ. ‘ನಾಳೆ ತಂದುಕೊಡ್ತೇವೆ ಮಾರಾಯ್ರೆ’ ಎಂದು ಹೋದ ಫೋಟೋ ವಾಪಸು ಬಾರದೆ ಇದ್ದದ್ದರಿಂದಲೇ ಎಷ್ಟೋ ಮನೆಯವರು ಈಗ ಆಲ್ಬಮ್ ತೆಗೆಯುವುದಿಲ್ಲ. ಅಲ್ಲೇ ಸ್ಕ್ಯಾನ್ ಮಾಡಿ. ಪೋಸ್ಟ್‌ಕಾರ್ಡ್ ಗಾತ್ರದ ಪ್ರಿಂಟಿಗೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ), ಪಾಸ್‌ಪೋರ್ಟ್ ಗಾತ್ರದ್ದಕ್ಕೆ 1200. ಮೂಲ ಪ್ರತಿ ಟಿಫ್‌ನಲ್ಲಿ, ಹಂಚಲು ಜೆಪೆಗ್. ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲ್ ಸಾಕು: ಕಿಟಕಿಯ ಪಕ್ಕ ಮೇಜಿನ ಮೇಲೆ ಫೋಟೋ ಚಪ್ಪಟೆ ಇಟ್ಟು, ಫ್ಲ್ಯಾಶ್ ಆಫ್ ಮಾಡಿ, ಮೇಲಿನಿಂದ ನೇರ ಹಿಡಿಯಿರಿ. ಹೊಳಪು ಬಿದ್ದರೆ ಫೋನಿನ ಹಿಂದೆ ಕಪ್ಪು ಬಟ್ಟೆ ಹಿಡಿಯಿರಿ. ದಾಖಲೆಪತ್ರ ಸ್ಕ್ಯಾನ್ ಮಾಡುವ ಆ್ಯಪ್ ಬೇಡ. ಅದು ಮುಖವನ್ನು ಅಕ್ಷರ ಎಂದುಕೊಂಡು ಕಪ್ಪು ಬಿಳುಪು ಗಟ್ಟಿ ಮಾಡಿಬಿಡುತ್ತದೆ.

ಹಿಂಭಾಗವನ್ನೂ ತಪ್ಪದೆ ತೆಗೆಯಿರಿ. ಸ್ಟುಡಿಯೋದ ಸೀಲು, ನೆಗೆಟಿವ್ ನಂಬರು, ಪೆನ್ನಿನಲ್ಲಿ ಬರೆದ ಎರಡು ಹೆಸರು ಇರುವುದು ಅಲ್ಲೇ. ಫ್ರೇಮಿನ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಕರಾವಳಿಯ ತೇವಕ್ಕೆ ಎಮಲ್ಷನ್ (ಚಿತ್ರ ಮೂಡಿರುವ ಮೇಲ್ಪದರ) ಗಾಜನ್ನೇ ಹಿಡಿದಿರುತ್ತದೆ, ಎಳೆದರೆ ಮುಖ ಗಾಜಿನಲ್ಲೇ ಉಳಿಯುತ್ತದೆ. ಗಾಜು ಒರಸಿ ಅದರ ಮೇಲಿನಿಂದಲೇ ತೆಗೆಯಿರಿ.

ಇನ್ನು ಫೋಟೋದೊಳಗೆ ನೋಡಬೇಕಾದ್ದು. ನಡುವಿನಲ್ಲಿಟ್ಟ ಚೆಂಡಿನ ಮೇಲೆ ಸೀಮೆಸುಣ್ಣದಲ್ಲಿ ವರ್ಷ ಬರೆಯುವ ಪದ್ಧತಿ ಇತ್ತು. ದೊಡ್ಡದು ಮಾಡಿ ನೋಡಿ. ಕುರ್ಚಿಯಲ್ಲಿ ಕೂತು ಅಂಗಿ ಪ್ಯಾಂಟು ಹಾಕಿದವರು ಪದಾಧಿಕಾರಿಗಳು. ಅವರನ್ನೇ ಉಪಯೋಗಿಸಿ ಫೋಟೋ ತಿರುಗಾಮುರುಗಾ ಪ್ರಿಂಟ್ ಆಗಿದೆಯೇ ಎಂದೂ ತಿಳಿಯಬಹುದು. ಅಂಗಿಯ ಜೇಬು ಅವರ ಎಡ ಎದೆಯ ಮೇಲೆ, ಅಂದರೆ ನೋಡುವ ನಮಗೆ ಬಲಕ್ಕೆ ಕಾಣಬೇಕು. ವಾಚು ಸಾಮಾನ್ಯವಾಗಿ ಎಡ ಮಣಿಕಟ್ಟಿನಲ್ಲಿ. ಎರಡೂ ಉಲ್ಟಾ ಇದ್ದರೆ ನೆಗೆಟಿವ್ ಮಗುಚಿದ್ದಾರೆ. ಇದನ್ನು ನೋಡದೆ ‘ಎಡದಿಂದ’ ಎಂದು ಹೆಸರು ಬರೆಸಿಕೊಂಡರೆ ಇಡೀ ಸಾಲು ತಪ್ಪುತ್ತದೆ, ಬಲಗಾಲಿನವನು ಎಡಗಾಲಿನವನಾಗುತ್ತಾನೆ.

ಬರಿಗಾಲು ಕಂಡ ಕೂಡಲೇ ‘1950ಕ್ಕಿಂತ ಹಿಂದಿನದು’ ಎಂದು ಬರೆಯುವವರಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದು ನಿಜ. ಆದರೆ ಬೂಟಿಗೆ ದುಡ್ಡಿಲ್ಲದ ಕ್ಲಬ್‌ಗಳಲ್ಲಿ ಅದರ ನಂತರವೂ ಬಹಳ ಕಾಲ ಬರಿಗಾಲ ಆಟ ನಡೆದಿದೆ. ಕಾಲು ನೋಡಿ ವರ್ಷ ಹೇಳಬೇಡಿ.

ಹೆಸರು ಹಚ್ಚುವುದು

ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಪ್ರತಿ ಮುಖದ ಮೇಲೆ ನಂಬರು ಹಾಕಿ, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರ ಮನೆಗೆ ಮೊದಲು ಹೋಗಿ. ಒಬ್ಬರು ಹೇಳಿದ ಹೆಸರು ಪೆನ್ಸಿಲಿನಲ್ಲಿ. ಅವರೊಡನೆ ಮಾತಾಡದ ಇನ್ನೊಬ್ಬರು ಅದೇ ಹೆಸರು ಹೇಳಿದ ಮೇಲೆ ಪೆನ್ನಿನಲ್ಲಿ. ವಾಟ್ಸ್‌ಆ್ಯಪ್ ಗ್ರೂಪಿಗೆ ಫೋಟೋ ಹಾಕಿ ‘ಇವರು ಯಾರು?’ ಎಂದು ಕೇಳುವುದು ಸುಲಭ, ಆದರೆ ಅಲ್ಲಿ ಮೊದಲು ಬಂದ ಉತ್ತರಕ್ಕೆ ಉಳಿದವರೆಲ್ಲ ಹೌದು ಹೌದು ಎನ್ನುತ್ತಾರೆ. ಆರು ಜನ ಹೇಳಿದರೂ ಅದು ಒಂದೇ ಸಾಕ್ಷಿ. ಗ್ರೂಪಿಗೆ ಕೊನೆಗೆ ಹಾಕಿ, ಬೇರೆ ಬೇರೆಯಾಗಿ ಕೇಳಿ ಮುಗಿದ ಮೇಲೆ.

ಯಾರಿಗೂ ಗೊತ್ತಿಲ್ಲದ ಒಂದೆರಡು ಮುಖ ಫೈನಲ್ ಫೋಟೋಗಳಲ್ಲಿ ಇದ್ದೇ ಇರುತ್ತದೆ. ಅವರು ಹೆಚ್ಚಾಗಿ ಗೆಸ್ಟ್ ಪ್ಲೇಯರ್‌ಗಳು, ಆ ಟೂರ್ನಮೆಂಟಿಗೆಂದು ಹೊರಗಿನಿಂದ ಕರೆಸಿದವರು. ‘ಗೆಸ್ಟ್’ ಎಂದೇ ಬರೆಯಿರಿ, ಊಹಿಸಿ ಹೆಸರು ತುಂಬಬೇಡಿ.

ನಮ್ಮಲ್ಲಿ ಒಂದೇ ತಂಡದಲ್ಲಿ ಮೂರು ಅಶ್ರಫ್, ಇಬ್ಬರು ಡಿಸೋಜ, ಇಬ್ಬರು ಸುರೇಶ್ ಇರುವುದು ಮಾಮೂಲು. ಮೈದಾನದಲ್ಲಿ ಇದನ್ನು ಅಂದೇ ಬಗೆಹರಿಸಿಕೊಂಡಿದ್ದರು: ಬೆಂಗ್ರೆಯವ, ಕುದ್ರೋಳಿಯವ, ಬೋಳಾರದವ ಎಂದು ಊರಿನಿಂದ, ಇಲ್ಲವೇ ಅಡ್ಡಹೆಸರಿನಿಂದ. ಹಾಗಾಗಿ ಒಂದೊಂದು ಹಾಳೆಯಲ್ಲೂ ಮೂರು ಕಾಲಮ್ ಇರಲಿ: ಶಾಲೆಯ ದಾಖಲೆಯ ಹೆಸರು, ಮನೆ ಅಥವಾ ಊರಿನ ಹೆಸರು, ಮೈದಾನದ ಹೆಸರು. ಮೈದಾನದ ಹೆಸರು ಬಿಟ್ಟರೆ ನೋಡಿದವರು ಗುರುತಿಸುವುದೇ ಇಲ್ಲ. ಅದು ಕಪ್ಪು, ಕುಳ್ಳ ಎಂಬಂಥದ್ದಾದರೆ ಅಚ್ಚು ಹಾಕುವ ಮೊದಲು ಆ ವ್ಯಕ್ತಿಯನ್ನೋ ಮನೆಯವರನ್ನೋ ಕೇಳಿ.

ಮಾತಾಡಿಸುವುದು ಅವರ ಮನೆಮಾತಿನಲ್ಲಿ. ಕನ್ನಡದಲ್ಲಿ ಕೇಳಿದರೆ ಎಷ್ಟೋ ಹಿರಿಯರು ಸನ್ಮಾನ ಸಭೆಯ ಭಾಷಣ ಮಾಡುತ್ತಾರೆ. ತುಳು, ಬ್ಯಾರಿ, ಕೊಂಕಣಿಯಲ್ಲಿ ಕೇಳಿದರೆ ಆಟ ಹೊರಗೆ ಬರುತ್ತದೆ. ‘ನಿಮ್ಮ ಬಗ್ಗೆ ಹೇಳಿ’ ಎಂದರೆ ‘ಎಂತ ಹೇಳುವುದು, ಆಡಿದ್ದೇವೆ’ ಎಂಬಲ್ಲಿಗೆ ಮುಗಿಯಿತು. ‘ಈರೆನ ಬರಿಟ್ ಏರ್ ಗೊಬ್ಬೊಂದಿತ್ತೆರ್?’ ಎಂದು ತುಳುವಿನಲ್ಲಿ ಪಕ್ಕದಲ್ಲಿ ಆಡುತ್ತಿದ್ದವನ ಬಗ್ಗೆ ಕೇಳಿ, ಅರ್ಧ ಗಂಟೆ ನಿಲ್ಲುವುದಿಲ್ಲ. ಯಾವ ಕಾಲು, ಚೆಂಡು ಸಿಕ್ಕಿದರೆ ಒಳಗೆ ತಿರುಗುತ್ತಿದ್ದನೋ ಹೊರಗೋ, ಕಾರ್ನರ್ ಯಾರು ಹೊಡೆಯುತ್ತಿದ್ದರು, ಪೆನಾಲ್ಟಿಗೆ ಯಾರು, ಬೂಟು ಯಾರ ದುಡ್ಡಿನದು, ಮಳೆಗೆ ಮೈದಾನದ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತಿತ್ತು. ‘ಅದ್ಭುತ ಆಟಗಾರ’ ಎಂದು ನೂರು ಸಲ ಬರೆಯುವುದಕ್ಕಿಂತ ‘ಥ್ರೋ ಇನ್ ನೇರ ಗೋಲಿನ ಎದುರಿಗೆ ಬೀಳಿಸುತ್ತಿದ್ದ’ ಎಂಬ ಒಂದು ಸಾಲು ಹೆಚ್ಚು ಕಾಲ ಬಾಳುತ್ತದೆ. ಆಡುವ ಜಾಗಕ್ಕೆ ಹಳಬರು ಲೆಫ್ಟ್ ಔಟ್, ಇನ್‌ಸೈಡ್ ರೈಟ್, ಸೆಂಟರ್ ಹಾಫ್ ಎನ್ನುತ್ತಾರೆ. ಅದನ್ನು ಹಾಗೆಯೇ ಇಡಿ. ಸೆಂಟರ್ ಹಾಫ್ ಎಂದರೆ ಕೆಲವರ ಕಾಲಕ್ಕೆ ನಡುವಿನಲ್ಲಿ ಓಡಾಡುವವನು, ಕೆಲವರಿಗೆ ಹಿಂದೆ ನಿಲ್ಲುವ ಸ್ಟಾಪರ್. ಯಾವುದೆಂದು ಕೇಳಿ ಪಕ್ಕದಲ್ಲಿ ಬರೆದುಕೊಳ್ಳಿ.

ರೆಕಾರ್ಡಿಂಗಿಗೆ ಫೋನನ್ನು ಏರೋಪ್ಲೇನ್ ಮೋಡಿನಲ್ಲಿ, ಮೆತ್ತನೆಯ ಬಟ್ಟೆಯ ಮೇಲೆ ಇಡಿ. ಒಮ್ಮೆಗೆ ಒಂದು ಗಂಟೆ ಸಾಕು, ಎಂಬತ್ತು ದಾಟಿದವರಿಗೆ ಅರ್ಧ ಗಂಟೆ. ಫ್ಯಾನ್ ನಿಲ್ಲಿಸಲು ಹೇಳಲು ನಾಚಬೇಡಿ.

ವರ್ಷ ಕೂಡಿಸುವುದು

ಹೆಚ್ಚು ತಪ್ಪಾಗುವುದು ಇಲ್ಲಿ. ಯಾರೂ ಇಸವಿ ಹೇಳುವುದಿಲ್ಲ. ‘ಆ ದೊಡ್ಡ ಬೊಳ್ಳ (ನೆರೆ) ಬಂದ ವರ್ಷ’, ‘ಅಕ್ಕನ ಮದುವೆಯ ಮೊದಲು’ ಎನ್ನುತ್ತಾರೆ. ಮದುವೆ ಕಾಗದ, ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್, ಟೂರ್ನಮೆಂಟ್ ಪ್ರಮಾಣಪತ್ರ ಕೇಳಿ. ಇಪ್ಪತ್ತೆರಡಕ್ಕೇ ಆಟ ಬಿಟ್ಟವರು ಸಿಕ್ಕಿದರೆ ಕಾರಣ ಬಹುತೇಕ ಮೊಣಕಾಲು, ಇಲ್ಲದಿದ್ದರೆ ಗಲ್ಫ್. ಹಳೆಯ ಪಾಸ್‌ಪೋರ್ಟಿನ ಮೊದಲ ವೀಸಾ ಮುದ್ರೆ ಕೊನೆಯ ಸೀಸನ್ ಯಾವುದೆಂದು ದಿನಾಂಕ ಸಮೇತ ಹೇಳುತ್ತದೆ. ದಿನಾಂಕ ಮಾತ್ರ ಬರೆದುಕೊಳ್ಳಿ, ಪುಟದ ಫೋಟೋ ತೆಗೆಯಬೇಡಿ.

ಪತ್ರಿಕೆಗಳಲ್ಲಿ ‘ಉದಯವಾಣಿ’ ಮಣಿಪಾಲದಿಂದ ಶುರುವಾದದ್ದು 1970ರಲ್ಲಿ, ‘ಮುಂಗಾರು’ 1984ರಲ್ಲಿ. ಅದಕ್ಕಿಂತ ಹಿಂದಿನ ಪಂದ್ಯದ ಕಟಿಂಗನ್ನು ಅವುಗಳಲ್ಲಿ ಹುಡುಕಿ ಸಮಯ ಕಳೆಯಬೇಡಿ. ಪತ್ರಿಕೆಯ ದಿನಾಂಕ ಪಂದ್ಯದ ದಿನಾಂಕವಲ್ಲ. ಭಾನುವಾರದ ಪಂದ್ಯ ಸೋಮವಾರವೋ ಮಂಗಳವಾರವೋ ಬಂದಿರುತ್ತದೆ. ಒಳಗೆ ‘ನಿನ್ನೆ’ ಎಂದಿದೆಯೇ, ವಾರದ ಹೆಸರಿದೆಯೇ ನೋಡಿ ಹಿಂದಕ್ಕೆ ಎಣಿಸಿ. ಹಳೆಯ ವರದಿಯಲ್ಲಿ ಸೆಂಟ್ರಲ್ ಮೈದಾನ ಎಂದಿದ್ದರೆ ಅದು ಇಂದಿನ ನೆಹರೂ ಮೈದಾನವೇ. ಕಾಲೇಜಿನ ವಾರ್ಷಿಕ ಸಂಚಿಕೆಗಳನ್ನು ಬಿಡಬೇಡಿ, ತಂಡದ ಫೋಟೋ ಮತ್ತು ಹೆಸರು ಒಟ್ಟಿಗೆ ಸಿಗುವುದು ಅಲ್ಲಿ ಮಾತ್ರ.

ಗಡಿಗಳೂ ಹೆಸರುಗಳೂ ಬದಲಾದದ್ದು ತಲೆಯಲ್ಲಿರಲಿ. 1956ರ ನವೆಂಬರ್ 1ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿನದ್ದು, ಕಾಸರಗೋಡು ನಮ್ಮ ಜಿಲ್ಲೆಯದ್ದು. ಆ ಕಾಲದವರು ‘ಸ್ಟೇಟ್ ಆಡಿದ್ದೇನೆ’ ಎಂದರೆ ಮದರಾಸಿನ ಕಡೆ ಹುಡುಕಬೇಕು. 1956ರಿಂದ 1973ರವರೆಗೆ ರಾಜ್ಯದ ಹೆಸರು ಮೈಸೂರು. 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಮೆಂಟು) ಗೆದ್ದದ್ದು ಆ ಹೆಸರಿನಲ್ಲಿ. ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1980ರಲ್ಲಿ, ಹಾಗಾಗಿ 1975ರಲ್ಲಿ ‘ಯೂನಿವರ್ಸಿಟಿ’ ಆಡಿದ್ದರೆ ಅದು ಮೈಸೂರು ವಿ.ವಿ. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಜಿಲ್ಲಾ ತಂಡದಲ್ಲಿ ಮಲ್ಪೆ, ಕುಂದಾಪುರದವರೂ ಇರಬಹುದು. ಬ್ಯಾಂಕಿಗೆ ಸೇರಿ ಊರು ಬಿಟ್ಟವರನ್ನು ಹುಡುಕಲು ಹೊರಟರೆ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಅದೇ ವರ್ಷ ಕೆನರಾದೊಳಗೆ ಸೇರಿವೆ. ವಿಚಾರಿಸುವಾಗ ಹಳೆಯ ಬ್ಯಾಂಕಿನ ಹೆಸರನ್ನೂ ಹೇಳಿ.

‘ಸಂತೋಷ್ ಟ್ರೋಫಿ ಆಡಿದವರು’ ಎಂಬ ಮಾತಿಗೆ ನಾಲ್ಕು ಮೆಟ್ಟಿಲಿದೆ: ಟ್ರಯಲ್ಸಿಗೆ ಹೋದದ್ದು, ಕ್ಯಾಂಪಿಗೆ ಆಯ್ಕೆಯಾದದ್ದು, ತಂಡದ ಪಟ್ಟಿಯಲ್ಲಿದ್ದದ್ದು, ಮೈದಾನಕ್ಕೆ ಇಳಿದದ್ದು. ಆಡಿದವರು ಸುಳ್ಳು ಹೇಳಿರುವುದಿಲ್ಲ, ಅಭಿಮಾನಿಗಳು ಒಂದೊಂದು ಮೆಟ್ಟಿಲು ಏರಿಸಿರುತ್ತಾರೆ. ಕಾಗದ ಯಾವ ಮೆಟ್ಟಿಲಿಗೆ ಸಿಕ್ಕಿದೆಯೋ ಅಷ್ಟನ್ನೇ ಬರೆಯಿರಿ. ಜಿಲ್ಲೆಯಿಂದ ಕ್ಯಾಂಪಿನವರೆಗೆ ಹೋದದ್ದೂ ಸಣ್ಣದಲ್ಲ. ಗೋಲುಗಳ ಲೆಕ್ಕದಲ್ಲಿ ಲೀಗಿನದ್ದನ್ನು ಸೆವೆನ್ಸ್ ಟೂರ್ನಮೆಂಟಿನದ್ದರ ಜೊತೆ ಕೂಡಿಸಬೇಡಿ. ಏಳು ಜನರ ಆಟದಲ್ಲಿ ಗೋಲು ಬೀಳುವ ವೇಗವೇ ಬೇರೆ. ಸ್ಕೋರರ್ ಪುಸ್ತಕ ಸಿಗದಿದ್ದರೆ ಗೋಲುಗಳ ಸಂಖ್ಯೆ ಬರೆಯದೆ ಇರುವುದೇ ಲೇಸು.

ಕಾಪಿಡುವುದು, ತೋರಿಸುವುದು

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಫೋಟೋಕ್ಕೆ ಬೂಸು ಹಿಡಿಯುವುದನ್ನು ತಡೆಯಲು ಗಾಳಿಯಾಡದ ಡಬ್ಬಿ ಬೇಕು. ಹತ್ತು ಲೀಟರಿನ ಡಬ್ಬಿಗೆ ಸುಮಾರು 100 ಗ್ರಾಂ ಸಿಲಿಕಾ ಜೆಲ್ (ತೇವ ಹೀರುವ ಹರಳು), ತೆಳು ಬಟ್ಟೆಯಲ್ಲಿ ಕಟ್ಟಿ. ಬಣ್ಣ ಬದಲಾದಾಗ ಒವನ್‌ನಲ್ಲಿ 120 ಡಿಗ್ರಿ ಮೀರದಂತೆ ಒಣಗಿಸಿ ಮತ್ತೆ ಹಾಕಿ. ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಯೂ ಅಂಟೂ ಫೋಟೋವನ್ನು ಹಾಳು ಮಾಡುತ್ತವೆ, ಆಮೇಲೆ ಬಿಡಿಸಲು ಬರುವುದಿಲ್ಲ. ಕಟಿಂಗಿಗೆ ಸೆಲ್ಲೋ ಟೇಪ್ ಕೂಡ ಬೇಡ. ನೀರು ನುಗ್ಗಿ ಫೋಟೋ ಒದ್ದೆಯಾದರೆ ಒರಸದೆ, ಶುದ್ಧ ನೀರಿನಲ್ಲಿ ಮೆಲ್ಲ ಅದ್ದಿ, ಮುಖ ಮೇಲಾಗಿ ನೆರಳಿನಲ್ಲಿ ಒಣಗಿಸಿ, ಒಂದಕ್ಕೊಂದು ತಾಗಿಸಬಾರದು.

ಬರೆದದ್ದನ್ನು ಹೊರಗೆ ಬಿಡುವ ಮೊದಲು ಎರಡು ಎಚ್ಚರ. ಫೋನ್ ನಂಬರು, ವಿಳಾಸ ಕ್ಲಬ್ಬಿನ ಪುಸ್ತಕದಲ್ಲಿ ಇರಲಿ, ಸಂಚಿಕೆಯಲ್ಲಿ ಬೇಡ. ‘ದಿವಂಗತ’ ಎಂದು ಬರೆಯುವ ಮೊದಲು ಮನೆಯವರ ಮಾತೇ ಆಗಬೇಕು. ಗಲ್ಫಿಗೆ ಹೋಗಿ ಸುದ್ದಿಯಿಲ್ಲದವರನ್ನು ಊರವರು ಬೇಗ ಸಾಯಿಸಿಬಿಡುತ್ತಾರೆ.

ಹಿರಿಯರ ಪಂದ್ಯ ಇಡುವುದಾದರೆ ಸಂಜೆ ಬಿಸಿಲು ಇಳಿದ ಮೇಲೆ, ಹದಿನೈದು ನಿಮಿಷದ ಎರಡು ಅವಧಿ, ಅರ್ಧ ಮೈದಾನ, ಎಷ್ಟು ಸಲ ಬೇಕಾದರೂ ಬದಲಿ. ಆಂಬುಲೆನ್ಸ್ ಇಲ್ಲದೆ ಶುರು ಮಾಡಬೇಡಿ. ಐವತ್ತು ದಾಟಿದವರು ಹಳೆಯ ಎದುರಾಳಿಯನ್ನು ಕಂಡರೆ ಮೈಮರೆತು ಓಡುತ್ತಾರೆ, ಮರುದಿನ ಹಿಂದೊಡೆಯ ನರ ಹಿಡಿದು ಮಲಗುತ್ತಾರೆ. ಮೊದಲೇ ಹತ್ತು ನಿಮಿಷ ನಡೆಸಿ.

ಫಲಕಕ್ಕೆ ಫ್ಲೆಕ್ಸ್ ಹಾಕಿದರೆ ಬಿಸಿಲಿಗೆ ಬೇಗ ಬಿಳಚಿಕೊಳ್ಳುತ್ತದೆ, ಹಿತ್ತಾಳೆ ಉಪ್ಪುಗಾಳಿಗೆ ಕಪ್ಪಾಗುತ್ತದೆ. ಕರಿ ಗ್ರಾನೈಟೇ ಸರಿ. ಅಕ್ಷರ 25 ಮಿಲಿಮೀಟರ್ ಎತ್ತರ ಇದ್ದರೆ ಹತ್ತಡಿ ದೂರದಿಂದ ಆರಾಮವಾಗಿ ಓದಬಹುದು. ಬೋಲ್ಟು 316 ದರ್ಜೆಯ ಸ್ಟೀಲಿನದ್ದೇ ಕೇಳಿ; 304 ಸಮುದ್ರದ ಬದಿ ಕಲೆ ಹಿಡಿದು ಕಲ್ಲಿನ ಮೇಲೆ ಕಂದು ಗೆರೆ ಇಳಿಸುತ್ತದೆ. ಕೆತ್ತಿದ್ದು ತಿದ್ದಲಾಗುವುದಿಲ್ಲ, ಆದ್ದರಿಂದ ಕೆತ್ತಿಸುವ ಮೊದಲು ಪಟ್ಟಿಯನ್ನು ಮೂರು ತಿಂಗಳು ಕ್ಲಬ್ಬಿನ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಪೆನ್ನು ತೂಗುಹಾಕಿ. ಕಲ್ಲಿನ ಮೇಲೆ ಹೆಸರು, ಮೈದಾನದ ಹೆಸರು, ಆಡಿದ ವರ್ಷ ಇಷ್ಟೇ. ದಾನಿಗಳ ಹೆಸರಿಗೆ ಬೇರೆ ಕಲ್ಲು. ಕೆಳಗೆ ಆರು ಸಾಲಾದರೂ ಖಾಲಿ ಬಿಡಿಸಿ. ಉದ್ಘಾಟನೆಯ ದಿನ ‘ನಮ್ಮ ಅಪ್ಪನದ್ದೆಲ್ಲಿ?’ ಎಂದು ಫೋಟೋ ಹಿಡಿದುಕೊಂಡು ಯಾರಾದರೂ ಬಂದೇ ಬರುತ್ತಾರೆ.