ಯೂರೋವಿಷನ್ ರಾತ್ರಿಗೆ ಚಿತ್ರಾನ್ನ ಒಯ್ಯಬೇಡಿ

ಮೇ ತಿಂಗಳ ಒಂದು ಶನಿವಾರ ಪಕ್ಕದ ಮನೆಯವರು ‘ಯೂರೋವಿಷನ್ ನೋಡಲು ಬನ್ನಿ’ ಎಂದು ಕರೆದರೆ ನೆವ ಹೇಳದೆ ಹೋಗಿ. ಯುರೋಪಿನ ದೇಶಗಳು ಒಂದೊಂದು ಹಾಡು ಕಳಿಸಿ ಪೈಪೋಟಿ ನಡೆಸುವ, ವರ್ಷಕ್ಕೊಮ್ಮೆಯ ಟಿ.ವಿ. ಸ್ಪರ್ಧೆ ಅದು. ಬ್ರಿಟನ್ನಿನಲ್ಲಿ ಹೊಸಬರನ್ನು ಮನೆಯೊಳಕ್ಕೆ ಕರೆಯುವುದೇ ಅಪರೂಪ. ನಿಮ್ಮ ಮನೆಯಲ್ಲೇ ನೇರಪ್ರಸಾರ ನೋಡುವುದಾದರೆ ಟಿ.ವಿ. ಲೈಸೆನ್ಸ್ ಬೇಕು, ಲ್ಯಾಪ್‌ಟಾಪಿನಲ್ಲಿ ನೋಡಿದರೂ ಬೇಕು, ಮಾಡಿಸಿಕೊಳ್ಳಿ. ಇನ್ನು ನನ್ನ ತಪ್ಪುಗಳಿಗೆ ಬರುತ್ತೇನೆ.

ಎಂಟು ಗಂಟೆ ಎಂದರೆ ಎಂಟೇ ಗಂಟೆ. 2012ರಲ್ಲಿ, ಸ್ಪರ್ಧೆ ಬಾಕುವಿನಲ್ಲಿ ನಡೆದ ವರ್ಷ, ನಾವು ಹೋದದ್ದು ಎಂಟೂಕಾಲಿಗೆ. ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಹೆಂಡತಿ ಮಗುವಿನೊಂದಿಗೆ ಮನೆಯಲ್ಲಿ ಉಳಿದಳು. ಪುತ್ತೂರಿನ ಕಡೆಯಿಂದ ಆರು ತಿಂಗಳಿಗೆಂದು ಬಂದಿದ್ದ ಅಬ್ಬೆಯನ್ನು, ಎಂದರೆ ನನ್ನ ತಾಯಿಯನ್ನು, ನಾನು ಕರೆದುಕೊಂಡು ಹೋದೆ. ಕಾಲು ಗಂಟೆ ನಮ್ಮ ಲೆಕ್ಕದಲ್ಲಿ ತಡವೇ ಅಲ್ಲ. ಆದರೆ ಆ ಸಲ ಮೊದಲ ಹಾಡೇ ಬ್ರಿಟನ್ನಿನದು. 76 ವರ್ಷದ ಎಂಗಲ್‌ಬರ್ಟ್ ಹಂಪರ್‌ಡಿಂಕ್ ಹಾಡಿ ಮುಗಿಸಿ ಹೋಗಿಯಾಗಿತ್ತು. ಅವರು ಹುಟ್ಟಿದ್ದು ಮದ್ರಾಸಿನಲ್ಲಿ ಎಂದು ಆಮೇಲೆ ತಿಳಿದಾಗ ಹೊಟ್ಟೆ ಉರಿಯಿತು. ಆ ಕೋಣೆಯಲ್ಲಿ ‘ನಮ್ಮ ಕಡೆಯವರು’ ಎಂದು ಹೇಳಿಕೊಳ್ಳಬಹುದಾಗಿದ್ದದ್ದು ನಾವಿಬ್ಬರೇ. ಕೊನೆಗೆ ಅವರಿಗೆ 26ರಲ್ಲಿ 25ನೆಯ ಸ್ಥಾನ ಬಂತು. ಹೇಳಿಕೊಳ್ಳದೆ ಇದ್ದದ್ದೇ ಲೇಸಾಯಿತೇನೋ.

ಎರಡನೆಯ ತಪ್ಪು ದೊಡ್ಡ ಪಾತ್ರೆಯ ತುಂಬ ಚಿತ್ರಾನ್ನ. ಕರೆದವರ ಮನೆಗೆ ಬರಿಗೈಯಲ್ಲಿ ಹೋಗಬಾರದು, ಸರಿ. ಆದರೆ ಇದು ಊಟದ ಕರೆಯಲ್ಲ. ಹನ್ನೆರಡು ಜನ ಸೋಫಾದ ಮೇಲೆ, ನೆಲದ ಮೇಲೆ, ತೊಡೆಯ ಮೇಲೆ ಕಾಗದದ ತಟ್ಟೆ, ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಅಂಕ ಬರೆಯುವ ಪೆನ್ನು. ಅನ್ನ ಎಲ್ಲಿ ಕಲಸುತ್ತಾರೆ? ಒಗ್ಗರಣೆಯ ಕಡಲೆಬೇಳೆ ಅವರ ರತ್ನಗಂಬಳಿಯಲ್ಲಿ ಎಷ್ಟು ದಿನ ಉಳಿದಿತ್ತೋ. ಗೋಳಿಬಜೆ ಒಯ್ಯಿರಿ, ಚಕ್ಕುಲಿ ಒಯ್ಯಿರಿ. ತಲೆಗೊಂದು ಪೌಂಡ್ ಹಾಕಿ ಟೋಪಿಯಿಂದ ದೇಶದ ಹೆಸರಿನ ಚೀಟಿ ಎತ್ತುವ ಪದ್ಧತಿಯೂ ಇದೆ, ಚಿಲ್ಲರೆ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ನಾಚಿಕೆಯಾಗುವುದು ಮೂರನೆಯದನ್ನು ನೆನೆದಾಗ. ನಾನು ಶ್ರುತಿ ನೋಡಿದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಟಿ.ವಿ.ಯಲ್ಲಿ ಮಕ್ಕಳ ಸ್ವರ, ಉಚ್ಚಾರಣೆಗಳನ್ನು ತಿದ್ದುತ್ತಿದ್ದುದನ್ನು ನೋಡಿ ಬೆಳೆದವರಲ್ಲವೇ ನಾವು? ಹಾಡಿನ ಸ್ಪರ್ಧೆ ಎಂದರೆ ಹಾಗಿರಬೇಕು ಎಂದುಕೊಂಡಿದ್ದೆ. ಅಲ್ಬೇನಿಯಾದ ಗಾಯಕಿ ತಾರಸ್ಥಾಯಿಯಲ್ಲಿ ಕಿರುಚಿದಂತೆ ಕೇಳಿ ಎರಡು ಅಂಕ ಕೊಟ್ಟೆ, ಕಾರಣವನ್ನೂ ವಿವರಿಸಿದೆ. ಯಾರೂ ಕೇಳಿರಲಿಲ್ಲ. ಆಕೆಗೆ ಐದನೆಯ ಸ್ಥಾನ ಬಂತು. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಕ್ಕೆ ಶ್ರುತಿಪೆಟ್ಟಿಗೆ ಹಿಡಿದುಕೊಂಡು ಹೋಗುವವರುಂಟೇ? ಇಲ್ಲಿ ಹಾಡು ಮೂರು ನಿಮಿಷ ಮೀರುವಂತಿಲ್ಲ, ವೇದಿಕೆಯ ಮೇಲೆ ಆರಕ್ಕಿಂತ ಹೆಚ್ಚು ಜನ ಇರುವಂತಿಲ್ಲ, ಗಿಟಾರು ಬಾರಿಸುವುದು ಬರೀ ಅಭಿನಯ, ವಾದ್ಯವೆಲ್ಲ ಮೊದಲೇ ಮುದ್ರಿಸಿದ್ದು. ಉಳಿಯುವುದು ವೇಷ, ಬೆಂಕಿ, ಗಾಳಿಯಂತ್ರ. 2006ರಲ್ಲಿ ಫಿನ್ಲೆಂಡಿನ ಲಾರ್ಡಿ ತಂಡ ರಾಕ್ಷಸರ ಮುಖವಾಡ ತೊಟ್ಟು ಗೆದ್ದೇ ಬಿಟ್ಟಿತು. ಯಕ್ಷಗಾನದಲ್ಲಿ ರಾಕ್ಷಸರ ಬಣ್ಣದ ವೇಷ ರಂಗಕ್ಕೆ ಬರುವಾಗ ನಿದ್ದೆಯಿಂದೆದ್ದು ಕಣ್ಣರಳಿಸಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಂಕ ಹಂಚುವ ಹೊತ್ತಿಗೆ ಎದ್ದು ಬರಬೇಡಿ, ರಸ ಇರುವುದು ಅಲ್ಲಿಯೇ. ಪ್ರತಿ ದೇಶ ಒಂದರಿಂದ ಎಂಟು, ಆಮೇಲೆ ಹತ್ತು, ಹನ್ನೆರಡು ಕೊಡುತ್ತದೆ. ಗ್ರೀಸ್ ಮತ್ತು ಸೈಪ್ರಸ್ ಒಬ್ಬರಿಗೊಬ್ಬರು ಹನ್ನೆರಡು ಕೊಟ್ಟಾಗ ಎಲ್ಲರೂ ನಗುತ್ತಾರೆ. ಮದುವೆಮನೆಯ ಮುಯ್ಯಿ ಗೊತ್ತಿರುವ ನಮಗೆ ಅದು ಬೇಗ ಅರ್ಥವಾಗುತ್ತದೆ. ನೀವಿರುವ ದೇಶಕ್ಕೆ ನೀವು ಮತ ಹಾಕುವಂತಿಲ್ಲ. ನಾನು ಬ್ರಿಟನ್ನಿನ ಸಂಖ್ಯೆ ಎಲ್ಲಿ ಎಂದು ಪರದೆಯ ಮೇಲೆ ಹುಡುಕುತ್ತಾ ಕುಳಿತಿದ್ದೆ. 2021ರಲ್ಲಿ ಬ್ರಿಟನ್ನಿಗೆ ತೀರ್ಪುಗಾರರಿಂದ ಸೊನ್ನೆ, ಜನರಿಂದಲೂ ಸೊನ್ನೆ. ನಾನು ಸಾವಿನ ಮನೆಯಲ್ಲಿ ಕುಳಿತಂತೆ ಮುಖ ಇಳಿಬಿಟ್ಟು ಪಕ್ಕದ ಮನೆಯಾತನ ಕೈ ಹಿಡಿದುಕೊಂಡೆ. ಆತ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಕ್ರಿಕೆಟ್ಟಿನ ಸೋಲಿಗೆ ಊಟ ಬಿಡುವ ನಾವು ಇವರಿಂದ ಇಷ್ಟನ್ನಾದರೂ ಕಲಿಯಬಹುದು. ಮರುವರ್ಷ ಸ್ಯಾಮ್ ರೈಡರ್ ಎರಡನೆಯ ಸ್ಥಾನ ಗಳಿಸಿದಾಗ ಅದೇ ಮನುಷ್ಯ ಏನು ಮಾಡಬೇಕೆಂದು ತೋಚದೆ ಪೆಚ್ಚಾಗಿದ್ದ.

2012ಕ್ಕೆ ಮರಳುತ್ತೇನೆ. ರಷ್ಯಾದಿಂದ ಬುರಾನೊವೊ ಹಳ್ಳಿಯ ಅಜ್ಜಿಯರು ಬಂದಿದ್ದರು. ತಲೆಗೆ ವಸ್ತ್ರ ಕಟ್ಟಿಕೊಂಡು, ವೇದಿಕೆಯ ಮೇಲೇ ಒಲೆ ಇಟ್ಟುಕೊಂಡು, ಉದ್ಮುರ್ತ್ ಎಂಬ ತಮ್ಮ ಮನೆಮಾತಿನಲ್ಲಿ ಹಾಡಿದರು. ಕೋಣೆಯವರೆಲ್ಲ ನಕ್ಕರು, ನಾನೂ ನಕ್ಕೆ. ಅಬ್ಬೆ ನಗಲಿಲ್ಲ. ಶೋಭಾನೆ ಹೇಳುವವರು ಇವರು ಎಂದಳು, ಮೆಲ್ಲಗೆ, ನಮ್ಮ ಹವ್ಯಕ ಕನ್ನಡದಲ್ಲಿ. ಏನು ಹೇಳಿದರು ಎಂದು ಮನೆಯಾಕೆ ಕೇಳಿದಾಗ ನಾನು ಏನಿಲ್ಲ ಎಂದುಬಿಟ್ಟೆ. ಅಜ್ಜಿಯರಿಗೆ ಎರಡನೆಯ ಬಹುಮಾನ ಬಂತು.

ಆಮೇಲೆ ಊರಿನ ಕನ್ನಡಿಗರೆಲ್ಲ ಸೇರಿ ಭಾನುವಾರದ ಕನ್ನಡ ತರಗತಿ ಆರಂಭಿಸಿದೆವು, ನಾನೇ ಮೇಷ್ಟ್ರು. ಅಷ್ಟರಲ್ಲಿ ಅಬ್ಬೆ ಇನ್ನೆರಡು ಸಲ ಬಂದು ಹೋಗಿದ್ದಳು, ಮಗಳು ಅವಳ ಮಾತನ್ನು ಹೀರಿಕೊಂಡಿದ್ದಳು. ‘ಇದೆ’ ಎನ್ನಬೇಕಾದಲ್ಲಿ ‘ಇದ್ದು’ ಎನ್ನುತ್ತಿದ್ದಳು, ಬಿಸಿನೀರಿಗೆ ‘ಬೆಶಿನೀರು’ ಎನ್ನುತ್ತಿದ್ದಳು. ಬೇರೆ ಜಿಲ್ಲೆಯವರ ಮಕ್ಕಳ ಎದುರು ನಾನು ಪ್ರತಿ ವಾರ ತಿದ್ದಿದೆ. ಎರಡು ವರ್ಷಗಳಲ್ಲಿ ಪೂರ್ತಿ ಸರಿಯಾಯಿತು. ಅಬ್ಬೆಯ ಜೊತೆ ಫೋನಿನಲ್ಲಿ ಶುದ್ಧವಾಗಿ, ಚುಟುಕಾಗಿ ಮಾತನಾಡಿ ನನ್ನ ಕೈಗೆ ಕೊಟ್ಟುಬಿಡುತ್ತಿದ್ದಳು. ಅಬ್ಬೆ ಈಗಿಲ್ಲ.

2025ರಲ್ಲಿ ಬಾಸೆಲ್‌ನಲ್ಲಿ ಸ್ವೀಡನ್ನಿನ ಪರವಾಗಿ ಹಾಡಿದವರು ಫಿನ್ಲೆಂಡಿನ ವೋರೋ ಎಂಬಲ್ಲಿಯ ಮೂವರು. ಹಾಡು ಪುಸ್ತಕದ ಸ್ವೀಡಿಷ್‌ನಲ್ಲಿರಲಿಲ್ಲ, ಅವರ ಊರಿನ ಸ್ವೀಡಿಷ್‌ನಲ್ಲಿತ್ತು, ವಿಷಯ ಹಬೆಸ್ನಾನ. ಹದಿಮೂರು ವರ್ಷದ ಮಗಳು ಒಂದಕ್ಷರ ಅರ್ಥವಾಗದಿದ್ದರೂ ಪೂರ್ತಿ ಬಾಯಿಪಾಠ ಮಾಡಿದ್ದಳು. ನಮ್ಮಲ್ಲೂ ಹೀಗೆ ಸ್ನಾನ ಉಂಟೇ ಎಂದು ಕೇಳಿದಳು. ಬಚ್ಚಲಿನ ತಾಮ್ರದ ಹಂಡೆ, ದೀಪಾವಳಿಯ ಎಣ್ಣೆಸ್ನಾನ, ಹೊಗೆಗೆ ಉರಿಯುವ ಕಣ್ಣು ಎಲ್ಲ ಹೇಳಿ, ಅಜ್ಜಿ ಮೈಗೆ ಹೊಯ್ಯುತ್ತಿದ್ದ ಬೆಶಿನೀರಿನ ಸುದ್ದಿಗೆ ಬಂದೆ.

“ಅಪ್ಪ, ಅದು ತಪ್ಪಲ್ಲವೇ? ಬಿಸಿನೀರು ತಾನೇ?” ಎಂದಳು.

ತಪ್ಪಲ್ಲ ಎಂದೆ. ಇನ್ನೂ ಏನೋ ಹೇಳುವವನಿದ್ದೆ. ಅಷ್ಟರಲ್ಲಿ ಆಸ್ಟ್ರಿಯಾ ಗೆದ್ದಿತೆಂದು ಕೂಗೆದ್ದಿತು. ಟೋಪಿಯಲ್ಲಿದ್ದ ಹನ್ನೆರಡು ಪೌಂಡು ಮನೆಯಾಕೆಯ ಪಾಲಾಯಿತು. ಸ್ವೀಡನ್ನಿನ ಚೀಟಿ ನನ್ನ ಕೈಯಲ್ಲಿತ್ತು, ನಾಲ್ಕನೆಯ ಸ್ಥಾನ.