ಕ್ವಾರಿ ಅಳೆಯುವಾಗ ಐದು ಸೆಂಟಿಮೀಟರ್ ಎಂದರೆ ಎಷ್ಟು ಕಲ್ಲು?

ಹಿಂದಿನ ಸರ್ವೆಗೂ ಇವತ್ತಿನದಕ್ಕೂ ನಡುವೆ ಎತ್ತರದಲ್ಲಿ 5 ಸೆಂಟಿಮೀಟರ್ ತಪ್ಪು ನುಸುಳಿದರೆ, ಒಂದು ಹೆಕ್ಟೇರ್ ಕ್ವಾರಿಯಲ್ಲಿ 500 ಘನ ಮೀಟರ್ ಕಲ್ಲು ಲೆಕ್ಕ ತಪ್ಪುತ್ತದೆ. ಪುಣೆ ಸುತ್ತಮುತ್ತ ಡ್ರೋನ್ ಸರ್ವೆ ಮಾಡುವ ನನಗೆ ನಿಜವಾದ ತಲೆನೋವು ಇದೇ. ಡ್ರೋನ್ ತೆಗೆದ ಫೋಟೋಗಳನ್ನು ಸಾಫ್ಟ್‌ವೇರ್ ಹೊಂದಿಸಿ, ಬಿಂದುಬಿಂದುವಾಗಿ ನೆಲದ ಮಾದರಿ ಕಟ್ಟುತ್ತದೆ. ಬಿಂದುವೊಂದು ಮೇಲೆ, ಇನ್ನೊಂದು ಕೆಳಗೆ ಬಂದರೆ ಚಿಂತೆಯಿಲ್ಲ, ಲಕ್ಷಾಂತರ ಬಿಂದುಗಳಲ್ಲಿ ಅದು ತಾನೇ ಸರಿದೂಗುತ್ತದೆ. ಮಾದರಿಯಲ್ಲಿ ಇಡೀ ನೆಲವೇ ಮೇಲಕ್ಕೋ ಕೆಳಕ್ಕೋ ಸರಿದರೆ ಎಷ್ಟು ಫೋಟೋ ತೆಗೆದರೂ ಅಷ್ಟೇ.

ಇದಕ್ಕೆ ಮೊದಲ ಕಾರಣ ಲೆನ್ಸ್. ಕ್ಯಾಮೆರಾ ನೆಟ್ಟಗೆ ಕೆಳಗೇ ನೋಡುತ್ತ ಸಾಲುಸಾಲಾಗಿ ಹಾರಿದರೆ, ಲೆನ್ಸಿನ ವಕ್ರತೆಯನ್ನು ಸಾಫ್ಟ್‌ವೇರ್ ಸರಿಯಾಗಿ ಹಿಡಿಯದೆ ಸಪಾಟು ನೆಲ ಬೋರಲು ಹಾಕಿದ ಬಾಂಡ್ಲಿಯಂತೆ ನಡುವೆ ಉಬ್ಬುತ್ತದೆ. ಹಾಗಾಗಿ ಕ್ಯಾಮೆರಾ ಓರೆ ಮಾಡಿ ಇನ್ನೊಂದು ಸುತ್ತು ಹಾರಿಸುತ್ತೇನೆ. ಜಾಗ, ಎತ್ತರ ನಿಖರವಾಗಿ ಅಳೆದ ನೆಲದ ಗುರುತುಗಳನ್ನು, ಅಂದರೆ ಜಿಸಿಪಿಗಳನ್ನು, ಅಂಚಿನಲ್ಲಷ್ಟೇ ಅಲ್ಲದೆ ಮಧ್ಯದಲ್ಲೂ ಕ್ವಾರಿಯ ತಳದಲ್ಲೂ ಹಾಕಿಸುತ್ತೇನೆ. ಇಲ್ಲಿನ ಕರಿಕಲ್ಲಿನ ಮೇಲೆ ಹೊಳಪಿನ ಬಿಳಿ ಪೇಂಟ್ ಬಳಿದರೆ ಬಿಸಿಲಿಗೆ ಮಿಂಚಿ ಅಂಚು ಹರಡಿಕೊಳ್ಳುತ್ತದೆ, ಮಧ್ಯಬಿಂದು ಸಿಗುವುದಿಲ್ಲ. ಹೊಳಪಿಲ್ಲದ ಪೇಂಟೇ ವಾಸಿ.

ಉಪಗ್ರಹ ರಿಸೀವರ್ ಕೊಡುವುದು ಎಲಿಪ್ಸಾಯ್ಡ್ ಎತ್ತರ, ಅಂದರೆ ಭೂಮಿಯನ್ನು ನುಣುಪಾದ ಚಪ್ಪಟೆ ಗೋಳವೆಂದು ಭಾವಿಸಿ ಅಳೆದದ್ದು. ಅದನ್ನೇ ಸಮುದ್ರಮಟ್ಟದ ಎತ್ತರ ಅಂದುಕೊಂಡರೆ ಇಲ್ಲಿ ಅರವತ್ತು ಮೀಟರ್ ಆಸುಪಾಸಿನ ವ್ಯತ್ಯಾಸ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಹೊಡೆಯುತ್ತದೆ ಬಿಡಿ. ಕಾಡುವುದು ಸಣ್ಣವು.

ಗುರುತುಗಳನ್ನು ಅಳೆಯುವ ರೋವರ್ ಕೋಲನ್ನೇ, ಅಂದರೆ ತುದಿಯಲ್ಲಿ ಉಪಗ್ರಹ ರಿಸೀವರ್ ಇರುವ ಕೋಲನ್ನೇ ನೋಡಿ. ಎರಡು ಮೀಟರ್ ಕೋಲು ಒಂದು ಡಿಗ್ರಿ ವಾಲಿದರೆ ತುದಿ 3.5 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಸಪಾಟು ನೆಲದಲ್ಲಿ ಎತ್ತರಕ್ಕೆ ಅದರಿಂದ ಏನೂ ಆಗದು. 45 ಡಿಗ್ರಿ ಇಳಿಜಾರಿನಲ್ಲಿ ಅದೇ 3.5 ಸೆಂಟಿಮೀಟರ್ ಎತ್ತರದ ತಪ್ಪಾಗಿ ಕೂರುತ್ತದೆ. ಕೋಲು ಹಿಡಿಯುವವನು ಇಂಡಿ ಕಡೆಯ ಹುಡುಗ. ಕೋಲಿಗೆ ಎರಡು ಕಾಲು ಊರಿ, ಉಸಿರು ಬಿಗಿಹಿಡಿದು, ಕೋಲು ನೆಟ್ಟಗಿದೆಯೇ ಎಂದು ತೋರಿಸುವ ಮಟ್ಟದ ಗುಳ್ಳೆ ನೋಡಿ, "ಗುಳ್ಳಿ ನಡುವ ಕುಂತೈತಿ, ಈಗ ಹೊಡೀರಿ ಸರ" ಅನ್ನುವವರೆಗೆ ನಾನು ಬಟನ್ ಒತ್ತುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಉಪಗ್ರಹಗಳ ಜಾಗ ಬದಲಾದ ಮೇಲೆ ಅದೇ ಬಿಂದುವನ್ನು ಮತ್ತೆ ಓದುತ್ತೇವೆ. ಕಡಿದಾದ ಗೋಡೆಯ ಬುಡದಲ್ಲಿ ಸಿಗ್ನಲ್ ಕಲ್ಲಿಗೆ ಬಡಿದು ಬರುವುದರಿಂದ ಅಲ್ಲಿ ಉಪಗ್ರಹವಿಲ್ಲದೆ ಬೆಳಕಿನಿಂದ ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ನೇ ಗತಿ.

ಕೆಲವು ಗುರುತುಗಳನ್ನು ಸಾಫ್ಟ್‌ವೇರ್‌ಗೆ ಕೊಡದೆ ಬಚ್ಚಿಟ್ಟು, ಕೊನೆಗೆ ಮಾದರಿಯನ್ನು ಅವುಗಳ ಜೊತೆ ತಾಳೆ ನೋಡುತ್ತೇನೆ. ಕೊಟ್ಟ ಜಿಸಿಪಿಗಳ ಮೇಲೇ ಬರುವ ಚಂದದ ಆರ್‌ಎಂಎಸ್ ಅಂಕಿ (ಒಟ್ಟಾರೆ ತಪ್ಪಿನ ಒಂದು ಬಗೆಯ ಸರಾಸರಿ) ನಂಬುವಂಥದ್ದಲ್ಲ, ಆ ಜಿಸಿಪಿಗಳಿಗೆ ಹೊಂದುವಂತೆಯೇ ಲೆಕ್ಕ ಕಟ್ಟಿರುತ್ತದೆ. ತಾಳೆಯಲ್ಲಿ ನಾನು ಮೊದಲು ಹುಡುಕುವುದು ಪ್ಲಸ್ಸು ಮೈನಸ್ಸು. ಎಲ್ಲವೂ ಪ್ಲಸ್ ಬಂದರೆ ಇಡೀ ನೆಲವೇ ಸರಿದಿರಬಹುದು. ಆಗ ಅಂಕಿ ಎಷ್ಟೇ ಚಿಕ್ಕದಿರಲಿ, ಘನ ಅಳತೆ ಕೊಡುವ ಮುಂಚೆ ಬೇಸ್‌ನಿಂದಲೇ, ಅಂದರೆ ರೋವರ್ ಆಧರಿಸುವ ಸ್ಥಿರ ರಿಸೀವರ್‌ನಿಂದಲೇ, ಮತ್ತೆ ಪರಿಶೀಲನೆ.

ಮಳೆಗಾಲ ಮುಗಿದೊಡನೆ ಬನ್ನಿ ಅನ್ನುವ ಮಾಲೀಕರಿಗೆ ಬೇಸಿಗೆ ತನಕ ತಡೆಯಿರಿ ಅನ್ನುತ್ತೇನೆ. ಮೊಣಕಾಲೆತ್ತರದ ಹುಲ್ಲಿದ್ದರೆ ಫೋಟೋ ಅಳೆಯುವುದು ಹುಲ್ಲಿನ ತುದಿಯನ್ನು.