ಗೀಸರ್ ಎಷ್ಟು ಆಂಪಿಯರ್ ಎಳೆಯುತ್ತದೆ?

ಗೀಸರ್ ಮೇಲೆ ಬರೆದಿರುವ ವ್ಯಾಟ್ ಅನ್ನು ಮನೆಯ ವೋಲ್ಟೇಜ್ ಆದ 230ರಿಂದ ಭಾಗಿಸಿ, ಆಂಪಿಯರ್ ಸಿಗುತ್ತದೆ. 2000 ವ್ಯಾಟ್‌ಗೆ ಸುಮಾರು 8.7. ಅಂದರೆ 6 ಆಂಪಿಯರ್‌ನ ಸಣ್ಣ ಸಾಕೆಟ್ ಬೇಡವೇ ಬೇಡ, 16ರದ್ದೇ ಬೇಕು. ಬೆಂಗಳೂರಿನ ಹಳೇ ಬಾಡಿಗೆ ಮನೆಗಳಲ್ಲಿ ಇದನ್ನು ಮೊದಲು ನೋಡಿ. 230ನ್ನು 8.7ರಿಂದ ಭಾಗಿಸಿದರೆ ನೀರು ಕಾಯಿಸುವ ಕಾಯಿಲ್‌ನ ರೆಸಿಸ್ಟೆನ್ಸ್ (ಕರೆಂಟ್‌ಗೆ ಅದು ಒಡ್ಡುವ ತಡೆ) ಸಿಗುತ್ತದೆ, ಸುಮಾರು 26 ಓಮ್. ಇದು ಹೆಚ್ಚುಕಡಿಮೆ ಬದಲಾಗುವುದಿಲ್ಲ. ಹಾಗಾಗಿ ವೋಲ್ಟೇಜ್ 200ಕ್ಕೆ ಇಳಿದರೆ ಕರೆಂಟೂ ಇಳಿದು, ಪವರ್ ಸುಮಾರು 1500 ವ್ಯಾಟ್‌ಗೆ ಬೀಳುತ್ತದೆ. ನೀರು ತಡವಾಗಿ ಕಾದರೆ ಸುಮ್ನೆ ಗೀಸರನ್ನು ಬೈಯಬೇಡಿ! ಇಸ್ತ್ರಿಪೆಟ್ಟಿಗೆಗೂ ಇದೇ ಲೆಕ್ಕ. ಆದರೆ ಮೋಟರ್ ಇರುವ ಫ್ರಿಜ್, ಸಂಪಿನ ಪಂಪ್‌ಗೆ ನಡೆಯಲ್ಲ: ಪವರ್ ಫ್ಯಾಕ್ಟರ್‌ನಿಂದಾಗಿ (ಮೋಟರ್ ಎಳೆಯುವ ಕರೆಂಟೆಲ್ಲ ಕೆಲಸಕ್ಕೆ ಬರುವುದಿಲ್ಲ) ಆಂಪಿಯರ್ ಜಾಸ್ತಿ ಬರುತ್ತದೆ, ಆನ್ ಮಾಡಿದ ಕ್ಷಣದಲ್ಲಂತೂ ಹಲವು ಪಟ್ಟು.